ವೆನಿಸ್, ಫ್ಲಾರೆನ್ಸ್, ರೋಮ್: ಇಕ್ಕೇರಿಗೆ ಬಂದಿದ್ದ ಯಾತ್ರಿಕನ ಊರಿಗೆ ನಾವಿಬ್ಬರೂ ಹೋಗಿ ಬಂದೆವು

ಸಾಗರದ ದಂಪತಿ:

ಆತ್ಮೀಯರೇ, ಕಳೆದ ಅಕ್ಟೋಬರಿನಲ್ಲಿ ನಾನೂ ನನ್ನ ಶ್ರೀಮತಿಯೂ ಹನ್ನೊಂದು ದಿನ ಇಟಲಿಯಲ್ಲಿ ಇದ್ದು ಬಂದೆವು. ನೋಡಿದ್ದು ಮೂರೇ ನಗರ. ಅಷ್ಟು ದೂರ ಹೋಗಿ ಮೂರೇ ಊರು ನೋಡಿದಿರಾ ಎಂದು ಬಂಧುಗಳು ಕೇಳುತ್ತಲೇ ಇರುವುದರಿಂದ, ಹಾಗೇಕೆ ಮಾಡಿದೆವು ಎಂಬುದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಇಂಥ ಪ್ರವಾಸದ ಯೋಚನೆಯಲ್ಲಿರುವ ದಂಪತಿಗಳಿಗೆ ಉಪಯೋಗವಾದೀತು.

ಎಂಟು ವರ್ಷಗಳ ಹಿಂದೆ ಒಂದು ಪ್ರವಾಸ ಸಂಸ್ಥೆಯ ಜೊತೆ ನಾವು ಯುರೋಪಿಗೆ ಹೋಗಿದ್ದೆವು. ಆಗ ಫ್ಲಾರೆನ್ಸಿಗೆ ಸಿಕ್ಕಿದ್ದು ನಲವತ್ತು ನಿಮಿಷ. ಬಸ್ಸು ನಿಂತಲ್ಲಿಂದ ಅಲ್ಲಿನ ದೊಡ್ಡ ಚರ್ಚಿನ ಮುಂದಿನ ಚೌಕಕ್ಕೆ ನಡೆದು, ತಲೆಯೆತ್ತಿ ಗುಮ್ಮಟವನ್ನು ನೋಡಿ, ಒಂದು ಫೋಟೋ ತೆಗೆಸಿಕೊಳ್ಳುವಷ್ಟರಲ್ಲಿ ಮಾರ್ಗದರ್ಶಕರು ಬಾವುಟ ಎತ್ತಿ ಕರೆದರು. ನನ್ನಾಕೆ ಅಂದು ಬಸ್ಸಿನಲ್ಲಿ ಒಂದು ಮಾತನ್ನೂ ಆಡಲಿಲ್ಲ. ಅವರು ಸಾಗರ ತಾಲ್ಲೂಕಿನ ಪ್ರೌಢಶಾಲೆಗಳಲ್ಲಿ ಮೂವತ್ತು ವರ್ಷ ಸಮಾಜ ವಿಜ್ಞಾನ ಕಲಿಸಿದವರು. ವಿಜಯನಗರದ ಪಾಠ ಬಂದಾಗಲೆಲ್ಲ ಅಲ್ಲಿಗೆ ಬಂದಿದ್ದ ವೆನಿಸಿನ ಕಡೆಯ ಯಾತ್ರಿಕ ನಿಕೊಲೊ ಕಾಂಟಿಯ ಹೆಸರನ್ನು, ಕೆಳದಿಯ ಪಾಠ ಬಂದಾಗಲೆಲ್ಲ ಕೆಳದಿ ನಾಯಕರ ರಾಜಧಾನಿಯಾಗಿದ್ದ ನಮ್ಮ ಇಕ್ಕೇರಿಗೆ ಬಂದಿದ್ದ ರೋಮಿನ ಯಾತ್ರಿಕ ಪಿಯೆತ್ರೊ ದೆಲ್ಲಾ ವಲ್ಲೆಯ ಹೆಸರನ್ನು ಕಪ್ಪುಹಲಗೆಯ ಮೇಲೆ ಬರೆದವರು. ಹೀಗಾಗಿ ಈ ಸಲ, ನಮ್ಮ ನಾಡಿಗೆ ಬಂದು ಕಂಡದ್ದನ್ನು ಹೇಳಿದ ಈ ಇಬ್ಬರ ಊರುಗಳನ್ನೂ ಅಂದು ಸರಿಯಾಗಿ ನೋಡಲಾಗದ ಫ್ಲಾರೆನ್ಸನ್ನೂ ಮಾತ್ರ ನೋಡೋಣ, ಬೇರೆಯದನ್ನು ಬಿಡೋಣ ಎಂದು ಅವರೇ ಯೋಜನೆ ಹಾಕಿದರು. ನಾನು ಒಪ್ಪಿದೆ.

ವೆನಿಸಿನ ಸಾಂತಾ ಲೂಚಿಯಾ ನಿಲ್ದಾಣದಿಂದ ಹೊರಗೆ ಕಾಲಿಟ್ಟರೆ ಎದುರಿಗೆ ರಸ್ತೆಯಿಲ್ಲ, ನೀರಿದೆ. ನೂರಕ್ಕೂ ಹೆಚ್ಚು ಸಣ್ಣ ದ್ವೀಪಗಳ ಕೆಸರಿನಲ್ಲಿ ಮರದ ಗೂಟಗಳನ್ನು ಒತ್ತೊತ್ತಾಗಿ ಹೂತು, ಅವುಗಳ ಮೇಲೆ ಕಲ್ಲಿನ ಅಡಿಪಾಯ ಹಾಕಿ ಕಟ್ಟಿದ ಊರು ಅದು. ಗಾಳಿ ತಾಗದಂತೆ ಕೆಸರಿನೊಳಗೆ ಮುಳುಗಿರುವುದರಿಂದ ಆ ಗೂಟಗಳು ಶತಮಾನಗಳಿಂದ ಕೊಳೆಯದೆ ಉಳಿದಿವೆ. ಕಾಂಟಿ ಹುಟ್ಟಿದ್ದು ವೆನಿಸಿನ ದಕ್ಷಿಣಕ್ಕಿರುವ ಕಿಯೋಜ್ಜಾ ಎಂಬ ಮೀನುಗಾರರ ಪಟ್ಟಣದಲ್ಲಿ. ಒಂದು ಇಡೀ ದಿನವನ್ನು ಅದಕ್ಕೆಂದೇ ಇಟ್ಟುಕೊಂಡೆವು. ಅಲ್ಲಿ ಪ್ರವಾಸಿಗರ ಗದ್ದಲ ಕಡಿಮೆ. ಕಾಲುವೆಯ ದಂಡೆಯ ಮೇಲೆ ಬಲೆಗಳು ಒಣಗುತ್ತಿದ್ದವು. ಕಾಂಟಿ 15ನೇ ಶತಮಾನದ ಮೊದಲ ಭಾಗದಲ್ಲಿ ವಿಜಯನಗರವನ್ನು ಕಂಡು, ಅದರ ಸುತ್ತಳತೆ ಅರವತ್ತು ಮೈಲಿ, ಕೋಟೆಗೋಡೆಗಳು ಬೆಟ್ಟಗಳವರೆಗೂ ಏರಿ ಕಣಿವೆಗಳನ್ನು ಒಳಗೊಂಡಿವೆ ಎಂದು ಹೇಳಿದವನು. ದೇವಾಲಯಗಳ ಮೇಲೂ ಮನೆಗಳ ಮೇಲೂ ಹಗಲಿರುಳು ಉರಿಯುವ ಎಣ್ಣೆದೀಪಗಳ ಹಬ್ಬವನ್ನೂ, ರಾಜ ರಾಣಿಯರ ಮೇಲೂ ಎರಚುತ್ತಿದ್ದ ಕೇಸರಿ ನೀರಿನ ಓಕುಳಿಯನ್ನೂ ಅವನು ಮರೆತಿರಲಿಲ್ಲ. ಅವನು ಹೆಂಡತಿ ಮಕ್ಕಳೊಂದಿಗೆ ಪ್ರಯಾಣ ಮಾಡಿದವನು. ಊರಿಗೆ ಮರಳುವ ದಾರಿಯಲ್ಲಿ ಈಜಿಪ್ಟಿನಲ್ಲಿ ಸಾಂಕ್ರಾಮಿಕ ರೋಗಕ್ಕೆ ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡ. ಜೀವ ಉಳಿಸಿಕೊಳ್ಳಲು ದಾರಿಯಲ್ಲಿ ಮತ ಬದಲಿಸಿದ್ದಕ್ಕೆ ಕ್ಷಮೆ ಬೇಡಿ ಪೋಪರ ಬಳಿಗೆ ಹೋದಾಗ, ಪೋಪರ ಕಾರ್ಯದರ್ಶಿಯಾಗಿದ್ದ ಪೊಜ್ಜೊ ಬ್ರಾಚೊಲಿನಿ ಅವನ ಅನುಭವವನ್ನು ಕೇಳಿ ಲ್ಯಾಟಿನಿನಲ್ಲಿ ಬರೆದುಕೊಂಡ. ಆ ಬರಹ ಇಲ್ಲದಿದ್ದರೆ ನಮ್ಮ ಪಾಠಪುಸ್ತಕದಲ್ಲಿ ಕಾಂಟಿಯ ಹೆಸರೇ ಇರುತ್ತಿರಲಿಲ್ಲ.

ಫ್ಲಾರೆನ್ಸಿನಲ್ಲಿ ನಾಲ್ಕು ದಿನ ಇದ್ದೆವು. ಅಂದು ನಲವತ್ತು ನಿಮಿಷದಲ್ಲಿ ಕೆಳಗಿನಿಂದ ನೋಡಿದ್ದ ಗುಮ್ಮಟದ 463 ಮೆಟ್ಟಿಲುಗಳನ್ನು ನಾನು ಹತ್ತಿದೆ. ಮಂಡಿನೋವಿನ ಕಾರಣ ಶ್ರೀಮತಿ ಕೆಳಗೆ ಕುಳಿತರು. ಬ್ರೂನೆಲೆಸ್ಕಿ ಎಂಬ ವಾಸ್ತುಶಿಲ್ಪಿ ಅದನ್ನು 1420ರಿಂದ 1436ರ ನಡುವೆ, ನೆಲದಿಂದ ಆಧಾರದ ಮರಗೆಲಸವನ್ನು ಎಬ್ಬಿಸದೆ ಕಟ್ಟಿದ. ಮೆಟ್ಟಿಲುಗಳು ಸಾಗುವುದು ಗುಮ್ಮಟದ ಒಳಚಿಪ್ಪು ಮತ್ತು ಹೊರಚಿಪ್ಪಿನ ನಡುವಿನ ಇಕ್ಕಟ್ಟಿನಲ್ಲಿ. ಅಲ್ಲಿ ಗೋಡೆಗೆ ಕೈಯಿಟ್ಟರೆ ಇಟ್ಟಿಗೆಗಳ ಜೋಡಣೆ ಬೆರಳಿಗೇ ತಿಳಿಯುತ್ತದೆ: ನಾಲ್ಕಾರು ಇಟ್ಟಿಗೆ ಮಲಗಿಸಿದ ಮೇಲೆ ಒಂದು ಇಟ್ಟಿಗೆಯನ್ನು ನಿಲ್ಲಿಸಿ, ಆ ನಿಂತ ಇಟ್ಟಿಗೆ ಮಲಗಿದವು ಜಾರದಂತೆ ಹಿಡಿದುಕೊಳ್ಳುವ ಹಾಗೆ ಓರೆಯಾಗಿ ಮೇಲೇರಿಸುತ್ತ ಹೋಗಿದ್ದಾರೆ. ಗಾರೆ ಗಟ್ಟಿಯಾಗುವವರೆಗೆ ಕೆಳಗಿನ ಆಸರೆ ಬೇಡವಾದದ್ದು ಈ ಉಪಾಯದಿಂದ.

ಕೆಳಗಿಳಿದು ಬಂದಾಗ ಶ್ರೀಮತಿ ಇನ್ನೊಂದು ಸಂಗತಿಯನ್ನು ಕಂಡುಕೊಂಡಿದ್ದರು. ಆ ಊರಿನ ಹಲವು ಗೋಡೆಗಳಲ್ಲಿ, ಮನುಷ್ಯನ ತಲೆಗಿಂತ ಮೇಲೆ, 1966ರ ನವೆಂಬರ್ 4ರಂದು ಆರ್ನೋ ನದಿಯ ನೀರು ಇಲ್ಲಿಯವರೆಗೆ ಬಂದಿತ್ತು ಎಂಬ ಸಣ್ಣ ಫಲಕಗಳಿವೆ. ಸಾಂತಾ ಕ್ರೋಚೆ ಎಂಬ ಚರ್ಚಿನಲ್ಲಿದ್ದ, ಚಿಮಾಬುವೆ ಎಂಬ ಹಳೆಯ ಚಿತ್ರಕಾರ ಬರೆದ ಪ್ರಸಿದ್ಧ ಶಿಲುಬೆಯ ಬಣ್ಣ ಆ ನೆರೆಯಲ್ಲಿ ಬಹುಪಾಲು ಕಿತ್ತುಹೋಯಿತು. ಹೋದ ಭಾಗಗಳನ್ನು ಹೊಸ ಚಿತ್ರ ಬರೆದು ಮುಚ್ಚದೆ, ಕಳೆದುಹೋದದ್ದು ಕಳೆದುಹೋದದ್ದೇ ಎಂದು ಕಾಣುವಂತೆ ಅದನ್ನು ಉಳಿಸಿದ್ದಾರೆ. ನನ್ನಾಕೆಯ ತವರು ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿದ ಹಳ್ಳಿ. ಆ ಶಿಲುಬೆಯ ಎದುರು ಅವರು ಬಹಳ ಹೊತ್ತು ನಿಂತಿದ್ದರು.

ರೋಮಿನ ಸಂಗತಿಯನ್ನು ಅವರೇ ಬರೆಯುತ್ತಾರೆ.

ಪ್ರವಾಸಪ್ರಿಯ:

ಮಾನ್ಯರೇ, ಬರಹ ಮನಸ್ಸಿಗೆ ತಟ್ಟಿತು. ಆದರೂ ಒಂದು ಭಿನ್ನಾಭಿಪ್ರಾಯವನ್ನು ಗೌರವದಿಂದಲೇ ಹೇಳಬೇಕೆನಿಸುತ್ತದೆ. ಜೀವಮಾನದಲ್ಲಿ ಒಮ್ಮೆ ಮಾತ್ರ ಹೊರದೇಶಕ್ಕೆ ಹೋಗಲು ಶಕ್ತಿಯಿರುವ ದಂಪತಿಗಳು ನಮ್ಮಲ್ಲಿ ಹೆಚ್ಚು. ಭಾಷೆ ಬಾರದ, ಊಟದ ಚಿಂತೆಯಿರುವ, ಮೊಬೈಲಿನಲ್ಲಿ ಟಿಕೆಟ್ ಮಾಡಲು ಅಂಜುವ ಹಿರಿಯರಿಗೆ ಗುಂಪು ಪ್ರವಾಸವೇ ಆಸರೆ. ನನ್ನ ತಂದೆತಾಯಿ ಹಾಗೆಯೇ ಹೋಗಿ ಬಂದರು. ಹನ್ನೆರಡು ದಿನದಲ್ಲಿ ಆರು ದೇಶ ನೋಡಿ ಬಂದ ಸಂತೋಷವನ್ನು ನನ್ನ ತಾಯಿ ಇಂದಿಗೂ ಹೇಳಿಕೊಳ್ಳುತ್ತಾರೆ. ಅದು ಕಡಿಮೆ ಸಂತೋಷವೆಂದು ನಾನು ಒಪ್ಪಲಾರೆ.

ಸಾಗರದ ದಂಪತಿ:

ತಮ್ಮ ಮಾತು ನಿಜ. ನಮಗೂ ಮೊದಲ ಪ್ರವಾಸ ಗುಂಪಿನೊಂದಿಗೇ ಆಯಿತು, ಆ ಧೈರ್ಯ ಇಲ್ಲದಿದ್ದರೆ ಎರಡನೆಯದು ಆಗುತ್ತಿರಲಿಲ್ಲ. ನನ್ನ ಆಕ್ಷೇಪವಿರುವುದು ನಲವತ್ತು ನಿಮಿಷದ ಬಗ್ಗೆ. ಗುಂಪಿನಲ್ಲಿ ಹೋಗುವವರೂ ಹಣ ಕಟ್ಟುವ ಮೊದಲು, ಯಾವ ಊರಿನಲ್ಲಿ ಎಷ್ಟು ಗಂಟೆ ನಿಲ್ಲುತ್ತಾರೆ, ಒಳಗೆ ಪ್ರವೇಶ ಉಂಟೋ ಅಥವಾ ಹೊರಗಿನಿಂದ ತೋರಿಸುವುದು ಮಾತ್ರವೋ ಎಂಬುದನ್ನು ಬರಹದಲ್ಲಿ ಕೇಳಿ ಪಡೆದುಕೊಳ್ಳುವುದು ಒಳ್ಳೆಯದು. ನಾವು ಅಂದು ಕೇಳಿರಲಿಲ್ಲ.

ವಿಜಯಪುರ ನಿವಾಸಿ:

ಫ್ಲಾರೆನ್ಸಿನ ಗುಮ್ಮಟದ ವಿವರ ಓದಿ ಸಂತೋಷವಾಯಿತು. ನಮ್ಮ ಗೋಳಗುಮ್ಮಟವನ್ನು ಜಗತ್ತಿನ ಎರಡನೆಯ ದೊಡ್ಡ ಗುಮ್ಮಟವೆಂದು ನಾವು ಚಿಕ್ಕಂದಿನಿಂದ ಹೇಳುತ್ತ ಬಂದಿದ್ದೇವೆ. ಅಳತೆಯನ್ನು ಸರಿಯಾಗಿ ನೋಡಿದರೆ, ಒಳವ್ಯಾಸ ಗೋಳಗುಮ್ಮಟಕ್ಕೆ ಸುಮಾರು 38 ಮೀಟರ್, ರೋಮಿನ ಪ್ರಾಚೀನ ದೇವಾಲಯ ಪ್ಯಾಂಥಿಯನ್ನಿಗೆ 43.3 ಮೀಟರ್, ಫ್ಲಾರೆನ್ಸಿನ ಎಂಟು ಮೂಲೆಯ ಗುಮ್ಮಟಕ್ಕೆ ಸುಮಾರು 45 ಮೀಟರ್. ಇಟಲಿಗೆ ಹೋಗಿ ಮಾರ್ಗದರ್ಶಕರೊಡನೆ ಈ ವಿಷಯಕ್ಕೆ ವಾದ ಮಾಡಿದವರನ್ನು ನಾನು ಬಲ್ಲೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ನಮ್ಮ ಗುಮ್ಮಟದ ಹಿರಿಮೆ ಸ್ಥಾನಸಂಖ್ಯೆಯಲ್ಲಿ ಇಲ್ಲ. ಚೌಕಾಕಾರದ ಕೋಣೆಯ ಮೇಲೆ ದುಂಡನೆಯ ಗುಮ್ಮಟವನ್ನು ಕೂರಿಸಲು ಎಂಟು ಕಮಾನುಗಳನ್ನು ಒಂದರೊಳಗೊಂದು ಹಾಯಿಸಿ, ಭಾರವನ್ನು ಒಳಮುಖವಾಗಿ ಹಿಡಿದ ಆ ರಚನೆಯನ್ನು ಬ್ರೂನೆಲೆಸ್ಕಿ ಕಂಡಿದ್ದರೆ ಖಂಡಿತ ನಿಂತು ನೋಡುತ್ತಿದ್ದ. ಫ್ಲಾರೆನ್ಸ್ ನೋಡಿ ಬಂದವರು ಒಮ್ಮೆ ವಿಜಯಪುರಕ್ಕೂ ಬಂದು ತಲೆಯೆತ್ತಿ ನೋಡಬೇಕೆಂದು ನನ್ನ ಕೋರಿಕೆ.

ಬೊಲೊನ್ಯಾದಿಂದ:

ನಾನು ಇಲ್ಲಿ ನಾಲ್ಕು ವರ್ಷಗಳಿಂದ ಓದುತ್ತಿರುವ ಹಾಸನದ ಹುಡುಗಿ. ಊರಿನಿಂದ ಬರುವ ಹಿರಿಯರಿಗೆ ನಾನು ಸದಾ ಹೇಳುವ ಕೆಲವು ಸಂಗತಿಗಳನ್ನು ಇಲ್ಲಿಯೂ ಹೇಳುತ್ತೇನೆ. ಇಟಲಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೋ ಚಿಕಿತ್ಸಾವೆಚ್ಚ ಭರಿಸುವ ಪ್ರಯಾಣ ವಿಮೆ ಕಡ್ಡಾಯ. ಎರಡು ಮೂರು ದೇಶಗಳಿಗೆ ಹೋಗುವವರು ಹೆಚ್ಚು ದಿನ ಉಳಿಯುವ ದೇಶಕ್ಕೇ ಅರ್ಜಿ ಸಲ್ಲಿಸಬೇಕು. ವೆನಿಸಿಗೆ ಬೆಳಿಗ್ಗೆ ಬಂದು ಸಂಜೆ ಹೋಗುವವರು ವರ್ಷದ ಕೆಲವು ನಿಗದಿತ ದಿನಗಳಲ್ಲಿ ಪ್ರವೇಶ ಶುಲ್ಕ ಕೊಡಬೇಕೆಂಬ ನಿಯಮ 2024ರಿಂದ ಬಂದಿದೆ. ರಾತ್ರಿ ಅಲ್ಲಿಯೇ ತಂಗುವವರಿಗೆ ಆ ಶುಲ್ಕವಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ರೈಲಿನ ಟಿಕೆಟ್. ಸ್ಥಳೀಯ ರೈಲುಗಳ ಕಾಗದದ ಟಿಕೆಟನ್ನು ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಬಳಿಯ ಯಂತ್ರಕ್ಕೆ ತೂರಿಸಿ ಮುದ್ರೆ ಹಾಕಿಸಲೇಬೇಕು. ಹಣ ಕೊಟ್ಟು ಕೊಂಡ ಟಿಕೆಟ್ ಕೈಯಲ್ಲಿದ್ದರೂ ಮುದ್ರೆಯಿಲ್ಲದಿದ್ದರೆ ದಂಡ ಬೀಳುತ್ತದೆ.

ಸಾಗರದ ದಂಪತಿ:

ತಾಯೀ, ಈ ಮಾತು ನಮಗೆ ಮೊದಲೇ ಸಿಗಬೇಕಿತ್ತು. ಒಂದು ಸ್ಥಳೀಯ ರೈಲಿನಲ್ಲಿ ನಮಗೆ ಆ ದಂಡ ಬಿತ್ತು. ತಪಾಸಣೆಗೆ ಬಂದವರು ಸೌಜನ್ಯದಿಂದಲೇ ಮಾತಾಡಿದರು, ಆದರೆ ದಂಡ ಬಿಡಲಿಲ್ಲ.

ಶಿರಸಿಯ ಗೃಹಿಣಿ:

ಅಕ್ಕಾ, ಮುಂದಿನ ವರ್ಷ ನಾವಿಬ್ಬರೂ ಹೋಗಬೇಕೆಂದಿದ್ದೇವೆ. ನಮ್ಮ ಮನೆಯವರು ಶುದ್ಧ ಸಸ್ಯಾಹಾರಿ, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಅಲ್ಲಿ ಹನ್ನೊಂದು ದಿನ ಊಟಕ್ಕೆ ಹೇಗೆ ಮಾಡಿದಿರಿ? ಇಲ್ಲಿಂದ ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡು ಹೋಗುವುದು ಅಗತ್ಯವೇ?

ಸಾಗರದ ದಂಪತಿ:

ತಂಗೀ, ನಾನು ಅವರ ಪತ್ನಿ ಬರೆಯುತ್ತಿದ್ದೇನೆ. ಚಟ್ನಿಪುಡಿ ಖಂಡಿತ ತೆಗೆದುಕೊಂಡು ಹೋಗಿ. ಫ್ಲಾರೆನ್ಸ್ ಇರುವ ಟಸ್ಕನಿ ಪ್ರಾಂತದ ಬ್ರೆಡ್ಡಿಗೆ ಉಪ್ಪೇ ಹಾಕುವುದಿಲ್ಲ, ಅದಕ್ಕೆ ನಮ್ಮ ಶೇಂಗಾ ಚಟ್ನಿಪುಡಿ ಚೆನ್ನಾಗಿ ಹೊಂದಿತು. ಅಲ್ಲಿ ಸಸ್ಯಾಹಾರಕ್ಕೆ ಕೊರತೆಯಿಲ್ಲ, ಆದರೆ ಒಂದು ಎಚ್ಚರ ಬೇಕು. ಪಾರ್ಮೆಸಾನ್ ಎಂದು ನಾವು ಕರೆಯುವ ಅಲ್ಲಿನ ಗಿಣ್ಣನ್ನು, ಅಂದರೆ ಚೀಸನ್ನು, ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪಿನಿಂದಲೇ ಮಾಡಬೇಕೆಂಬುದು ಅಲ್ಲಿನ ನಿಯಮ. ಪಾಸ್ತಾ ತರಕಾರಿಯದೇ ಆಗಿದ್ದರೂ ಮೇಲೆ ಅದನ್ನು ತುರಿದು ಉದುರಿಸುತ್ತಾರೆ. ಗಿಣ್ಣು ಬೇಡವೆಂದು ಮೊದಲೇ ಹೇಳಬೇಕು. ಮರಿನಾರಾ ಎಂಬ ಪಿಜ್ಜಾದಲ್ಲಿ ಟೊಮೇಟೊ, ಬೆಳ್ಳುಳ್ಳಿ, ಎಣ್ಣೆ, ಒರೆಗಾನೊ ಮಾತ್ರ ಇರುತ್ತವೆ, ಗಿಣ್ಣು ಇರುವುದಿಲ್ಲ. ಫ್ಲಾರೆನ್ಸಿನಲ್ಲಿ ರಿಬೊಲ್ಲಿತಾ ಎಂಬ ಸಾರು ಸಿಗುತ್ತದೆ. ಕಾಳು, ಸೊಪ್ಪು, ಹಳೆಯ ಬ್ರೆಡ್ಡಿನ ಚೂರು ಹಾಕಿ ಮತ್ತೆ ಮತ್ತೆ ಕುದಿಸಿ ಗಟ್ಟಿ ಮಾಡಿದ್ದು, ಬಡವರ ಮನೆಯ ಅಡುಗೆ. ಅದಕ್ಕೆ ಮಾಂಸದ ರಸ ಹಾಕಿಲ್ಲವೆಂದು ಕೇಳಿ ಖಚಿತಪಡಿಸಿಕೊಳ್ಳಿ. ಕುಡಿಯುವ ನೀರನ್ನು ರೋಮಿನಲ್ಲಿ ಕೊಳ್ಳಬೇಡಿ. ಬೀದಿ ಬೀದಿಯಲ್ಲಿ ಎರಕದ ಕಬ್ಬಿಣದ ನಲ್ಲಿಗಳಿಂದ ಹಗಲೂ ರಾತ್ರಿ ತಣ್ಣೀರು ಸುರಿಯುತ್ತಿರುತ್ತದೆ. ನಲ್ಲಿಯ ಬಾಯಿಯನ್ನು ಬೆರಳಿನಿಂದ ಒತ್ತಿ ಹಿಡಿದರೆ ಮೇಲಿನ ಸಣ್ಣ ತೂತಿನಿಂದ ನೀರು ಕಾರಂಜಿಯಂತೆ ಚಿಮ್ಮಿ ನೇರ ಬಾಯಿಗೆ ಬರುತ್ತದೆ. ಶಾಲೆಗೆ ಹೋಗುವ ಒಬ್ಬ ಹುಡುಗ ನನಗೆ ಅದನ್ನು ಮಾಡಿ ತೋರಿಸಿದ.

ಇನ್ನು ರೋಮಿನ ಸಂಗತಿ.

ಮೊದಲ ದಿನ ಮಳೆ. ಕೊಲೋಸಿಯಂ ಬಿಟ್ಟು ಪ್ಯಾಂಥಿಯನ್ನಿಗೆ ಹೋದೆವು. ಚಕ್ರವರ್ತಿ ಹೇಡ್ರಿಯನ್ನನ ಕಾಲದ ಆ ಗುಮ್ಮಟದ ನೆತ್ತಿಯಲ್ಲಿ ಸುಮಾರು 9 ಮೀಟರ್ ಅಗಲದ ತೆರಪಿದೆ. ಅದಕ್ಕೆ ಗಾಜಿಲ್ಲ, ಮುಚ್ಚಳವಿಲ್ಲ. ಮಳೆ ಒಳಗೇ ಬೀಳುತ್ತಿತ್ತು. ದೂರದಿಂದ ಅದು ಬಿಳಿಯ ಹೊಗೆಯ ಕಂಬದಂತೆ ನಿಂತಿತ್ತು, ಹತ್ತಿರ ಹೋದರೆ ಹನಿ ಹನಿ. ನೆಲವನ್ನು ನೋಡಿದೆ. ನಡುಭಾಗ ಸ್ವಲ್ಪ ಉಬ್ಬಿದೆ, ಅಮೃತಶಿಲೆಯಲ್ಲಿ ಸಣ್ಣ ಸಣ್ಣ ರಂಧ್ರಗಳಿವೆ, ಬಿದ್ದ ನೀರು ಹರಿದು ಅವುಗಳೊಳಗೆ ಇಳಿಯುತ್ತಿದೆ. ನಮ್ಮ ಕಡೆಯ ಹಳೆಯ ಮನೆಗಳ ತೊಟ್ಟಿ ನೆನಪಾಯಿತು. ನಾವಿಬ್ಬರೂ ಮಳೆ ನಿಲ್ಲುವವರೆಗೂ ಅಲ್ಲಿಯೇ ಬೆಂಚಿನ ಮೇಲೆ ಕುಳಿತೆವು. ಗುಂಪಿನಲ್ಲಿ ಹೋಗಿದ್ದರೆ ಅದು ಆಗುತ್ತಿರಲಿಲ್ಲ.

ಎರಡನೆಯ ದಿನ ಸಾಂತಾ ಮರಿಯಾ ಇನ್ ಅರಾಚೇಲಿಗೆ ಹೋದೆವು. ಕ್ಯಾಪಿಟೋಲಿನ್ ಗುಡ್ಡದ ಮೇಲಿನ ಚರ್ಚು ಅದು, ಪ್ರವೇಶಕ್ಕೆ ಹಣವಿಲ್ಲ. ಪ್ಲೇಗಿನ ವರ್ಷವಾದ 1348ರಲ್ಲಿ ಕಟ್ಟಿದ 124 ಮೆಟ್ಟಿಲುಗಳು ಕಡಿದಾಗಿವೆ. ನಾಲ್ಕು ಕಡೆ ಕುಳಿತು ಹತ್ತಿದೆ. ಒಳಗಿನ ಕಂಬಗಳು ಒಂದರಂತೆ ಒಂದಿಲ್ಲ, ಪ್ರಾಚೀನ ರೋಮಿನ ಬೇರೆ ಬೇರೆ ಕಟ್ಟಡಗಳಿಂದ ತಂದು ನಿಲ್ಲಿಸಿದ್ದಾರೆ. ಇಲ್ಲಿಯೇ ದೆಲ್ಲಾ ವಲ್ಲೆ ಮನೆತನದ ಸಮಾಧಿ ಇದೆ. ಇಕ್ಕೇರಿಗೆ ಬಂದಿದ್ದ ಪಿಯೆತ್ರೊನೂ ಅವನ ಹೆಂಡತಿ ಮಆನಿಯೂ ಇಲ್ಲಿಯೇ ಮಲಗಿದ್ದಾರೆ.

ಮಕ್ಕಳಿಗೆ ನಾನು ಪಾಠದಲ್ಲಿ ಹೇಳದೆ ಬಿಟ್ಟ ಭಾಗವಿದು. ರೋಮಿನ ಸಿರಿವಂತ ಮನೆಯ ಪಿಯೆತ್ರೊ ಬಾಗ್ದಾದಿನಲ್ಲಿ ಮಆನಿ ಎಂಬ ಕ್ರೈಸ್ತ ತರುಣಿಯನ್ನು ಮೆಚ್ಚಿ ಮದುವೆಯಾದ. ಪರ್ಷಿಯಾದ ಉದ್ದಕ್ಕೂ ಇಬ್ಬರೂ ಜೊತೆಯಾಗಿ ಓಡಾಡಿದರು. 1621ರ ಕೊನೆಯಲ್ಲಿ, ಭಾರತಕ್ಕೆ ಹಡಗು ಹತ್ತಲೆಂದು ಹೊರ್ಮುಜ್ ಬಳಿ ಕಾಯುತ್ತಿದ್ದಾಗ, ಗರ್ಭ ಹೋಗಿ ಜ್ವರ ಬಂದು ಅವಳು ತೀರಿಕೊಂಡಳು. ಅವಳನ್ನು ಪರಸ್ಥಳದ ಮಣ್ಣಿನಲ್ಲಿ ಬಿಟ್ಟು ಹೋಗಲು ಅವನಿಗೆ ಮನಸ್ಸು ಬರಲಿಲ್ಲ. ದೇಹವನ್ನು ಕರ್ಪೂರದಿಂದ ಸಂಸ್ಕರಿಸಿ, ಪೆಟ್ಟಿಗೆಯಲ್ಲಿಟ್ಟು, ಹಡಗಿನವರಿಗೆ ತಿಳಿಯದಂತೆ ಸಾಮಾನಿನ ನಡುವೆ ಅಡಗಿಸಿ, ಸೂರತ್ತಿಗೂ ಗೋವಾಕ್ಕೂ ತಂದು, ಕೊನೆಗೆ 1626ರಲ್ಲಿ ರೋಮಿಗೆ ಮುಟ್ಟಿಸಿದ. ಮರುವರ್ಷ ಇದೇ ಚರ್ಚಿನಲ್ಲಿ ಅವಳ ಅಂತ್ಯವಿಧಿ ನಡೆಯಿತು. ಅವಳ ಕುರಿತು ತಾನೇ ಮಾತಾಡಲು ನಿಂತವನು ಅಳು ತಡೆಯಲಾರದೆ ಮಾತನ್ನು ಪೂರ್ತಿ ಮಾಡಲಿಲ್ಲ.

ಅವನು ಇಕ್ಕೇರಿಗೆ ಬಂದದ್ದು 1623ರ ನವೆಂಬರಿನಲ್ಲಿ, ಪೋರ್ಚುಗೀಸರ ರಾಯಭಾರಿಯ ಜೊತೆಗೆ, ವೆಂಕಟಪ್ಪ ನಾಯಕನ ಆಸ್ಥಾನಕ್ಕೆ. ಹುಡುಗಿಯರ ಕೋಲಾಟ ಕಂಡ. ಘಟ್ಟ ಹತ್ತಿ ಬರುವ ದಾರಿಯಲ್ಲಿ ಒಂದು ದೇವಸ್ಥಾನದ ಜಗಲಿಯ ಮೇಲೆ ನಾಲ್ವರು ಹುಡುಗರು ನೆಲಕ್ಕೆ ನುಣ್ಣನೆಯ ಮರಳು ಹರಡಿ, ಬೆರಳಿನಿಂದ ಲೆಕ್ಕ ಬರೆಯುತ್ತ, ರಾಗವಾಗಿ ಹೇಳುತ್ತ ಕಲಿಯುವುದನ್ನು ನಿಂತು ನೋಡಿದ. ಇದನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಓದಿ ಹೇಳುತ್ತಿದ್ದೆ. ಅದೇ ದಿನಗಳಲ್ಲಿ ಇಕ್ಕೇರಿಯ ಬೀದಿಯಲ್ಲಿ, ಗಂಡನ ಚಿತೆಯೇರಲು ಸಿದ್ಧಳಾಗಿದ್ದ ಒಬ್ಬ ವಾದ್ಯಗಾರನ ಹೆಂಡತಿಯನ್ನೂ ಅವನು ಕಂಡ. ಅವಳ ಮನೆಗೇ ಹೋಗಿ, ಸಾಯಬೇಡವೆಂದು ಕೇಳಿಕೊಂಡ. ಅವಳು ಒಪ್ಪಲಿಲ್ಲ. ಅವಳ ಹೆಸರು ಕೇಳಿ ಬರೆದುಕೊಂಡ. ಅವನು ಇಟಾಲಿಯನ್ನಿನಲ್ಲಿ ಬರೆದ ಆ ಹೆಸರು ನಮ್ಮ ಜಕ್ಕಮ್ಮನೇ ಇರಬೇಕು. ಆ ಹೊತ್ತಿನಲ್ಲಿ ಅವನ ಹೆಂಡತಿಯ ಪೆಟ್ಟಿಗೆ ಭಾರತದಲ್ಲಿಯೇ ಇತ್ತು. ಸತ್ತ ಹೆಂಡತಿಯನ್ನು ಬಿಟ್ಟಿರಲಾರದ ಒಬ್ಬ ಗಂಡು, ಸತ್ತ ಗಂಡನನ್ನು ಬಿಟ್ಟಿರಬಾರದೆಂಬ ಕಟ್ಟಳೆಗೆ ಸಿಕ್ಕ ಒಬ್ಬ ಹೆಣ್ಣಿನ ಎದುರು ನಿಂತು, ನೀನು ಬದುಕು ಎಂದು ಬೇಡಿಕೊಂಡದ್ದನ್ನು ನೆನೆದರೆ ನನಗೆ ಇಂದಿಗೂ ಗಂಟಲು ಕಟ್ಟುತ್ತದೆ. ನಮ್ಮ ಊರಿನ ಆ ಹೆಣ್ಣಿನ ಹೆಸರು ಉಳಿದದ್ದು ಈ ಪರದೇಶಿಯ ದಿನಚರಿಯಲ್ಲಿ.

ಟಿಪ್ಪಣಿ ಪುಸ್ತಕ ತೆಗೆದು ಆ ಪುಟವನ್ನು ಮೆಲುದನಿಯಲ್ಲಿ ಕನ್ನಡದಲ್ಲಿ ಓದಿದೆ. ಯಜಮಾನರು ಪಕ್ಕದಲ್ಲಿ ನಿಂತಿದ್ದರು. ಬಾಗಿಲ ಬಳಿ ಮೇಣದ ಬತ್ತಿ ಕೊಂಡು ಎರಡು ಹಚ್ಚಿದೆವು, ಒಂದು ಮಆನಿಗೆ, ಒಂದು ಜಕ್ಕಮ್ಮನಿಗೆ.

ವಿಜಯಪುರ ನಿವಾಸಿ:

ಅಮ್ಮಾ, ಇದನ್ನು ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ.

ಬೊಲೊನ್ಯಾದಿಂದ:

ಟೀಚರ್, ನಿಮ್ಮ ಪಟ್ಟಿಗೆ ಫ್ಲಾರೆನ್ಸಿನ ಇನ್ನೊಬ್ಬನನ್ನು ಸೇರಿಸಬೇಕು. ಫಿಲಿಪ್ಪೊ ಸಾಸೆತ್ತಿ ಎಂಬ ವರ್ತಕ 1580ರ ದಶಕದಲ್ಲಿ ಕೊಚ್ಚಿ, ಗೋವಾಗಳಲ್ಲಿದ್ದು, 1588ರಲ್ಲಿ ಗೋವಾದಲ್ಲಿಯೇ ತೀರಿಕೊಂಡವನು. ಊರಿಗೆ ಬರೆದ ಪತ್ರಗಳಲ್ಲಿ ಅವನು ಸಂಸ್ಕೃತಕ್ಕೂ ಇಟಾಲಿಯನ್ನಿಗೂ ಇರುವ ಹೋಲಿಕೆಯನ್ನು ಗುರುತಿಸಿದ್ದಾನೆ: ಸಪ್ತ ಮತ್ತು ಸೆತ್ತೆ, ಅಷ್ಟ ಮತ್ತು ಒತ್ತೊ, ನವ ಮತ್ತು ನೋವೆ, ಸರ್ಪ ಮತ್ತು ಸೆರ್ಪೆ. ನಾನು ಇಲ್ಲಿನ ಭಾಷೆ ಕಲಿಯುವಾಗ ಅಂಕಿಗಳು ಬೇಗ ಬಾಯಿಗೆ ಬಂದದ್ದು ಅಜ್ಜಿ ಹೇಳಿಕೊಟ್ಟ ಸಂಕಲ್ಪ, ಮಂತ್ರಗಳ ದೆಸೆಯಿಂದ.

ಮಂಡಿನೋವು ಇರುವವರಿಗೆ ಒಂದು ಮಾತು. ಅರಾಚೇಲಿಗೆ ಆ 124 ಮೆಟ್ಟಿಲುಗಳನ್ನು ಹತ್ತಲೇಬೇಕೆಂದಿಲ್ಲ. ಪಕ್ಕದಲ್ಲಿ ಮೈಕೆಲೆಂಜಲೊ ರೂಪಿಸಿದ ಇಳಿಜಾರಿನ ಅಗಲ ದಾರಿಯಿಂದ ಕ್ಯಾಪಿಟೋಲಿನ್ ಚೌಕಕ್ಕೆ ಹೋದರೆ, ಅಲ್ಲಿಂದ ಕೆಲವೇ ಮೆಟ್ಟಿಲು ಹತ್ತಿ ಚರ್ಚಿನ ಪಕ್ಕದ ಬಾಗಿಲಿಗೆ ಸೇರಬಹುದು.

ಸಾಗರದ ದಂಪತಿ:

ಮಗಳೇ, ಇಳಿಯುವಾಗ ಆ ಬಾಗಿಲಿನಿಂದಲೇ ಬಂದೆವು.

ಹೊನ್ನಾವರದ ಓದುಗ:

ಮೇಡಂ, ದೆಲ್ಲಾ ವಲ್ಲೆ ನಿಮ್ಮ ಇಕ್ಕೇರಿಗೆ ಬಂದದ್ದು ನಮ್ಮ ಊರಿನ ಮೂಲಕ. ಗೋವಾದಿಂದ ಕಡಲ ದಾರಿಯಲ್ಲಿ ಹೊನ್ನಾವರಕ್ಕೆ ಬಂದು, ದೋಣಿಯಲ್ಲಿ ಶರಾವತಿಯಗುಂಟ ಗೇರುಸೊಪ್ಪೆಗೆ ಹೋಗಿ, ಅಲ್ಲಿಂದ ಘಟ್ಟ ಹತ್ತಿದ. ಆ ನದಿಯ ಸೊಬಗನ್ನು ಮನಸಾರೆ ಹೊಗಳಿದ್ದಾನೆ. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ಗೇರುಸೊಪ್ಪೆಯ ರಾಣಿಯ ಸುದ್ದಿಯೂ ಅವನ ಬರಹದಲ್ಲಿದೆ. ಇಕ್ಕೇರಿಯಿಂದ ಇಳಿದು ಮಂಗಳೂರಿನ ಕಡೆ ಹೋದಾಗ, ಉಳ್ಳಾಲದ ರಾಣಿ ಬರಿಗಾಲಿನಲ್ಲಿ ನಿಂತು ಗದ್ದೆಗೆ ನೀರಿನ ಕಾಲುವೆ ತೋಡಿಸುತ್ತಿದ್ದುದನ್ನು ಕಂಡು ಮಾತಾಡಿಸಿದ. ನೀವು ರೋಮಿನವರೆಗೆ ಹೋಗಿ ಬಂದಿರಿ. ಅವನು ಬಂದ ಈ ದಾರಿಯನ್ನು ಒಮ್ಮೆ ಕೆಳಗಿನಿಂದ ಮೇಲಕ್ಕೆ ನೋಡಬೇಕು. ದೋಣಿ ಸಾಗುವಷ್ಟು ದೂರ ದೋಣಿಯಲ್ಲಿ ಹೋಗೋಣ. ಬಸದಿಗಳು ಇರುವ ಹಳೆಯ ಗೇರುಸೊಪ್ಪೆಯನ್ನು ನಾನು ತೋರಿಸುತ್ತೇನೆ. ನಮ್ಮ ಮನೆಯಲ್ಲಿಯೇ ಉಳಿದುಕೊಳ್ಳಬಹುದು.

ಸಾಗರದ ದಂಪತಿ:

ತಮ್ಮಾ, ಖಂಡಿತ ಬರುತ್ತೇವೆ. ಮಳೆ ಕಳೆದು ನವೆಂಬರ್ ಆಗಲಿ, ಅವನು ಬಂದದ್ದೂ ಆ ತಿಂಗಳಿನಲ್ಲಿಯೇ. ಟಿಪ್ಪಣಿ ಪುಸ್ತಕ ತರುತ್ತೇನೆ. ಮರಳಿನ ಮೇಲೆ ಲೆಕ್ಕ ಬರೆದ ಆ ಹುಡುಗರು ಇದ್ದ ದೇವಸ್ಥಾನ ಘಟ್ಟದ ನೆತ್ತಿಯ ಹತ್ತಿರ ಎಲ್ಲಿತ್ತೆಂಬುದನ್ನು ಹಿರಿಯರನ್ನು ಕೇಳಿ ಹುಡುಕೋಣ.